ಕಣ್ಣಿ ಬಿಚ್ಚಿಕೊಂಡು ಮಾರಿದ ಹೊಗೆ ಪೀಪಾಯಿ

ಕಲ್ಯಾಣದುರ್ಗ
18-3-2004

ಹಿಂದೂಪುರದ ದನದ ದಲ್ಲಾಳಿ ಸುಬ್ಬರಾಯಪ್ಪನವರಿಗೆ,

ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡ್ ಹಿಂದೆ ಮುದ್ದೆ ಮೆಸ್ ನಡೆಸೋ ನಾಗರತ್ನ ಮಾಡುವ ನಮಸ್ಕಾರ. ನಾನ್ಯಾರು ಅಂತ ನಿಮಗೆ ಗೊತ್ತಿಲ್ಲ. ಟೆಂಪೋ ಬೈರಣ್ಣ ನಿಮ್ಮೂರಿಂದ ಹುಣಸೆಹಣ್ಣು ತರೋವಾಗೆಲ್ಲ ನಮ್ಮಲ್ಲೇ ಉಣ್ಣೋದು. ಉಣ್ತಾ ಉಣ್ತಾ ನಿಮ್ಮ ಕೊಟ್ಟಿಗೇಲಿರೋ ಕಬ್ಬಿಣದ ಒಲೆ ಸುದ್ದಿ ಹೇಳ್ತಾನೆ. ಬೆಂಕಿ ಒಂದು ಕಡೆ, ಬಾಡು ಒಂದು ಕಡೆ ಇರ್ತದಂತೆ. ಬರೀ ಹೊಗೇಲಿ ಬೆಂದು ಎಲುಬಿಂದ ತಾನಾಗೇ ಕಳಚ್ತದಂತೆ. ಅವನು ಹೇಳೋದ್ರಲ್ಲಿ ಅರ್ಧ ನಿಜ ಇದ್ರೂ ನನಗೆ ಆ ಒಲೆ ಬೇಕು.

ಯಾಕೆ ಅಂದ್ರೆ, ಬಸ್‌ಸ್ಟ್ಯಾಂಡ್ ದೊಡ್ಡದು ಮಾಡ್ತಾರಂತೆ, ಜೂನಿಗೆ ನನ್ನ ಮೆಸ್ಸಿನ ಜಾಗ ಬಿಡಬೇಕು. ಇಲ್ಲಿ ಕರಿಬಸಮ್ಮ ಅಂತ ಹಿರಿಯರು ಹೊಸ ಕಲ್ಯಾಣಮಂಟಪ ಕಟ್ಟಿಸಿದ್ದಾರೆ. ಮೇ 16ಕ್ಕೆ ಅವರ ಮೊಮ್ಮಗಳ ಬೀಗರೂಟ. ಆ ಊಟ ನನ್ನ ಕೈಗೆ ಕೊಟ್ಟಿದ್ದಾರೆ. ಜನ ಮೆಚ್ಚಿದ್ರೆ ಮಂಟಪದ ಅಡುಗೆಮನೆ ಪೂರಾ ನನಗೆ. ಮೆಚ್ಚದೆ ಹೋದ್ರೆ ಜೂನಿಂದ ಪಾತ್ರೆ ತೊಳೆಯೋಕೆ ಇನ್ಯಾರದೋ ಮನೆ ಹುಡುಕಬೇಕು.

ಮಾರೋದಾದ್ರೆ ಏನು ಬೆಲೆ ಅಂತ ಬರೀರಿ.

ನಾಗರತ್ನ


ಹಿಂದೂಪುರ
23-3-2004

ಚಿ. ನಾಗರತ್ನಮ್ಮನಿಗೆ,

ನಿನ್ನ ಕಾಗದ ಬಂತು. ಕನ್ನಡದಾಗೆ ಬರೆದಿದ್ದು ಒಳ್ಳೇದಾಯ್ತು. ನನ್ನ ತೆಲುಗು ಅಕ್ಷರ ಕೋಳಿ ಕೆದರಿದಂಗಿರ್ತವೆ.

ಮೊದ್ಲು ಮಾಲಿನ ವಿಚಾರ. ದೊಡ್ಡ ಪೀಪಾಯಿ ಅಡ್ಡ ಮಲಗಿಸಿ, ಪಕ್ಕೆಗೊಂದು ಮರಿ ಪೀಪಾಯಿ ಅಂಟಿಸಿ, ಮೇಲೊಂದು ಕೊಳವೆ ಇಟ್ಟವ್ರೆ. ಕೆಳಗೆ ಎರಡು ಚಕ್ರ. ರೈಲು ಇಂಜಿನ್ನು ಮರಿ ಹಾಕಿದಂಗೈತೆ. ಇಲ್ಲಿನ ಫ್ಯಾಕ್ಟ್ರಿ ಗೆಸ್ಟ್‌ಹೌಸ್‌ನಾಗೆ ಅಮೆರಿಕದ ಇಂಜಿನಿಯರ್ ಒಬ್ಬ ಇದ್ದ. ಅವನು ಊರಿಗೆ ಹೋದ ಮೇಲೆ ಹರಾಜಿನಾಗೆ ನಾನು ಹಿಡಿದೆ. ಅವನು ಅದಕ್ಕೆ ಸ್ಮೋಕರ್ ಅಂತಿದ್ದನಂತೆ, ನಾವು ಹೊಗೆ ಪೀಪಾಯಿ ಅಂತೀವಿ. ಕೆಟ್ಟ ಸುಳಿ ಇಲ್ಲ, ಒದೆಯಲ್ಲ, ಹಾಯಲ್ಲ. ಎಡಗಡೆ ಚೂರು ತುಕ್ಕು ಹಿಡಿದೈತೆ, ಅದನ್ನ ಮುಚ್ಚಿಡಲ್ಲ. ಇನ್ನೊಂದು ವಿಷ್ಯ, ಸದ್ಯಕ್ಕೆ ಅದರೊಳಗೆ ಕೋಳಿ ಕಾವಿಗೆ ಕೂತೈತೆ. ಅದು ಏಳೋವರೆಗೂ ಬೆಂಕಿ ಹಾಕೋಂಗಿಲ್ಲ, ಗಾಡಿಗೆ ಏರಿಸೋಂಗಿಲ್ಲ.

ಬೆಲೆ ಕಾಗದದಾಗೆ ಬರಿಯಲ್ಲ ಕಣಮ್ಮ. ನಲವತ್ತು ವರ್ಷ ಸಂತೇಲಿ ದನ ಮಾರಿದೀನಿ, ಒಂದು ಸಲಾನೂ ಬೆಲೆ ಬಾಯಲ್ಲಿ ಆಡಿಲ್ಲ. ಟವೆಲ್ ಕೆಳಗೆ ಬೆರಳು ಹಿಡಿದು ಮಾತಾಡೋದು ನಮ್ಮ ಪದ್ಧತಿ. ಕೋಳಿ ಎದ್ದ ಮೇಲೆ ಬಂದು ನೋಡು. ನಮ್ಮನೆಯೋಳು ಲಕ್ಷ್ಮಕ್ಕ ಒಂದು ತೊಡೆ ಸುಟ್ಟು ಬಡಿಸ್ತಾಳೆ. ತಿಂದ ಮೇಲೆ ವ್ಯಾಪಾರ.

ಸುಬ್ಬರಾಯಪ್ಪ


ಹಿಂದೂಪುರ
6-4-2004

ಚಿ. ನಾಗರತ್ನಮ್ಮನಿಗೆ,

ಪೀಪಾಯಿ ಇವತ್ತು ಬೈರಣ್ಣನ ಟೆಂಪೋ ಹತ್ತಿತು. ನೀನು ಬರೋ ಹೊತ್ತಿಗೇ ಕೋಳಿ ಹನ್ನೊಂದು ಮರಿ ಮಾಡಿ ಜಾಗ ಬಿಟ್ಟುಕೊಟ್ಟಿದ್ದು ಒಳ್ಳೇದಾಯ್ತು. ನಿನ್ನ ಎರಡು ಕುರಿ ಕುಂದುರ್ಪಿಯಿಂದ ನೆಟ್ಟಗೆ ಬಂದು ಸೇರಿದ್ವು. ನಾನು ಹಲ್ಲು ನೋಡ್ದೆ, ಮೋಸ ಇಲ್ಲ.

ಅವತ್ತಿನ ವ್ಯಾಪಾರ ನೆನೆಸ್ಕೊಂಡ್ರೆ ಈಗ್ಲೂ ನಗು ಬತ್ತದೆ. ಹೆಂಗಸಿನ ಕೈ ನಾನು ಟವೆಲ್ ಕೆಳಗೆ ಹಿಡಿಯೋಂಗಿಲ್ಲ. ನಲವತ್ತು ವರ್ಷದ ದಲ್ಲಾಳಿ ನಾನು ಬಾಗಿಲಾಚೆ ನಿಂತಿದ್ದೆ, ಒಳಗೆ ನೀನೂ ಲಕ್ಷ್ಮಕ್ಕನೂ ನನ್ನ ಟವೆಲ್ ಹಾಕ್ಕೊಂಡು ಕಿಸಿಕಿಸಿ ನಗ್ತಾ ಬೆರಳು ಹಿಡಿದ್ರಿ. ಹೊರಗೆ ಬಂದು ಅವಳು ಎರಡು ಬೆರಳು ತೋರಿಸಿದ್ಲು, ಎರಡು ಕುರಿ ಅಂದ್ಲು. ನಾನಾಗಿದ್ರೆ ಮೂರಕ್ಕೆ ಕಮ್ಮಿ ಒಪ್ಪುತಿರಲಿಲ್ಲ. ಇರಲಿ, ಆಡಿದ ಮಾತು ಆಡಿದಂಗೆ.

ಕುರಿ ಕೊರಳಲ್ಲಿರೋ ಉಣ್ಣೆ ಹಗ್ಗ ಯಾರು ಹೊಸೆದಿದ್ದು? ಸಂತೇಲಿ ಇಂಥ ಹಗ್ಗ ನೋಡಿ ಬಾಳ ದಿನ ಆಯ್ತು. ಬಾಗುಂದಿ, ಒಳ್ಳೇ ಕೈ.

ಲಕ್ಷ್ಮಕ್ಕ ಗೋರಂಟ್ಲಕ್ಕೆ ಹೋಗವ್ಳೆ, ತಂಗಿ ಮಗಳ ಬಾಣಂತನ. ಒಂದು ತಿಂಗಳು ಬರಲ್ಲ. ಪೀಪಾಯಿ ಸಾಗಿಸಿದ್ದು ನಾನೊಬ್ನೇ. ಶಾಸ್ತ್ರ ಏನು ಮಾಡಬೇಕೋ ಎಲ್ಲ ಮಾಡೇ ಕಳಿಸೀನಿ.

ಸುಬ್ಬರಾಯಪ್ಪ


ಕಲ್ಯಾಣದುರ್ಗ
12-4-2004

ಸುಬ್ಬರಾಯಪ್ಪನವರಿಗೆ ನಾಗರತ್ನಳ ನಮಸ್ಕಾರ.

ಪೀಪಾಯಿ ಬಂತು. ಬೀದಿ ಜನ ಎಲ್ಲ ಬಂದು ನೋಡಿದ್ರು. ಒಬ್ಬರು ಇದು ಟಾರು ಕಾಯಿಸೋದು ಅಂದ್ರು, ಇನ್ನೊಬ್ಬರು ಬಟ್ಟಿ ಇಳಿಸೋದು ಅಂದ್ರು. ಅಬಕಾರಿಯೋರು ಬಂದ್ರೆ ಏನು ಹೇಳ್ತೀಯಾ ಅಂತ ನಮ್ಮ ಯಜಮಾನ್ರು ಎರಡು ದಿನ ಅದರ ಹತ್ರ ಸುಳಿದಿಲ್ಲ.

ಒಲೆ ಚೆನ್ನಾಗಿದೆ. ಎಲ್ಲ ಸರಿಯಾಗಿದೆ. ಸುಮ್ನೆ ಒಂದು ಮಾತು ಕೇಳ್ತೀನಿ. ಅವತ್ತು ಲಕ್ಷ್ಮಕ್ಕ ಹುಣಸೆ ಸೌದೆ ಹಾಕಿದ್ರು, ಅದು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೂ ಮೆತ್ತಗೆ ಉರೀತು. ಬೆಂಕಿ ಜೋರಾದ್ರೆ ಅವರು ಹೆಂಗೆ ತಡೀತಿದ್ರು? ನಾನು ಅವತ್ತು ಸರಿಯಾಗಿ ನೋಡ್ಕೊಳ್ಳಲಿಲ್ಲ, ಬಾಡಿನ ಮೇಲೇ ನನ್ನ ಕಣ್ಣಿತ್ತು.

ಅವರ ಗೋರಂಟ್ಲ ವಿಳಾಸ ಇದ್ರೆ ಕಳಿಸಿ. ಅವಸರ ಏನಿಲ್ಲ.

ನಾಗರತ್ನ


ಹಿಂದೂಪುರ
17-4-2004

ಚಿ. ನಾಗರತ್ನಮ್ಮನಿಗೆ,

ಒಲೆ ಚೆನ್ನಾಗೈತೆ ಅಂತ ಓದಿ ಮನಸ್ಸಿಗೆ ಹಿತ ಆಯ್ತು. ನನ್ನ ಕೈಯಿಂದ ಹೋದ ಮಾಲು ಯಾವತ್ತೂ ಕೆಟ್ಟಿಲ್ಲ.

ಬೆಂಕಿ ಜೋರಾಯ್ತದೆ ಅಂದೆ. ಹೊಸ ಮನೆಗೆ ಹೋದ ದನ ನಾಕು ದಿನ ಕುಣೀತದೆ ಕಣಮ್ಮ. ಬೆನ್ನು ಸವರಬೇಕು, ದನಿ ಎತ್ತಬಾರದು. ಜಾಗ ಬದ್ಲಾಗೈತೆ, ನೀರು ಬದ್ಲಾಗೈತೆ, ಅದಕ್ಕೂ ಬೇಜಾರಿರಲ್ವಾ? ಹಿಂದೂಪುರದ ಗಾಳಿ ಬೇರೆ, ಕಲ್ಯಾಣದುರ್ಗದ ಗಾಳಿ ಬೇರೆ. ಪಡುವಣಕ್ಕೆ ಮುಖ ಮಾಡಿ ನಿಲ್ಲಿಸು. ಒಂದು ಅಮಾವಾಸ್ಯೆ ಕಳೀಲಿ, ಸಾಧು ಆಯ್ತದೆ.

ಲಕ್ಷ್ಮಕ್ಕಗೆ ಕಾಗದ ಬರೆಯೋದು ಬೇಡ. ಬಾಣಂತಿ ಮನೆ, ಅವಳಿಗೆ ತಲೆ ಕೆರ್ಕೊಳೋಕೆ ಪುರುಸೊತ್ತಿಲ್ಲ. ತಡೆಯೋದು ಗಿಡಿಯೋದು ಏನೂ ಇಲ್ಲ, ಅವಳು ಸುಮ್ನೆ ಒಲೆ ಮುಂದೆ ಕೂತಿರ್ತಿದ್ಲು ಅಷ್ಟೇ. ನಾನು ಆ ಕಡೆ ಹೋಗ್ತಿದ್ದಿದ್ದೇ ತಿನ್ನೋಕೆ.

ಕುರಿ ಚೆನ್ನಾಗವೆ. ಹಗ್ಗ ಯಾರು ಹೊಸೆದಿದ್ದು ಅಂತ ನೀನು ಹೇಳ್ಲೇ ಇಲ್ಲ.

ಸುಬ್ಬರಾಯಪ್ಪ


ಕಲ್ಯಾಣದುರ್ಗ
26-4-2004

ಸುಬ್ಬರಾಯಪ್ಪನವರೇ,

ಹೋದ ಸಲ ಸುಳ್ಳು ಬರೆದೆ. ಒಲೆ ಚೆನ್ನಾಗಿಲ್ಲ. ಮೊದಲನೇ ದಿನಾನೇ ಒಂದು ತೊಡೆ ಇದ್ದಿಲಾಯ್ತು. ನನಗೇ ಬರಲ್ಲ ಅಂದ್ಕೊಂಡು, ನಿಮ್ಮ ಮುಂದೆ ದಡ್ಡಿ ಅನ್ನಿಸ್ಕೊಳ್ಳೋಕೆ ನಾಚಿಕೆಯಾಗಿ ಹಂಗೆ ಬರೆದೆ. ನೀವು ಹೇಳಿದಂಗೆ ಪಡುವಣಕ್ಕೆ ತಿರುಗಿಸಿದೆ. ಹೋಗಲಿ ಅಂತ ಬೆನ್ನೂ ಸವರಿದೆ, ಅಂಗೈ ಬೊಬ್ಬೆ ಬಂತು. ಅಮಾವಾಸ್ಯೆಯೂ ಕಳೀತು. ಇವತ್ತಿಗೆ ನಾಲ್ಕು ತೊಡೆ ಹೋದ್ವು. ಸೌದೆ ಹಾಕಿದ ತಕ್ಷಣ ಕುಲುಮೆ ಥರಾ ಭರ್ರಂತ ಉರಿದು ಕೊಳವೇಲಿ ಕೆಂಡ ಹಾರ್ತವೆ. ಬಾಡು ಮೇಲೆ ಕರಕಲು, ಒಳಗೆ ಹಸಿ. ಮೆಸ್ಸಿಗೆ ಬರೋರೆಲ್ಲ ‘ಇವತ್ತು ಏನು ಸುಟ್ಟೆ ನಾಗರತ್ನಮ್ಮ’ ಅಂತ ಕೇಳ್ಕೊಂಡೇ ಒಳಗೆ ಬರ್ತಾರೆ.

ನಿನ್ನೆ ಕರಿಬಸಮ್ಮ ರುಚಿ ನೋಡೋಕೆ ಬಂದಿದ್ರು. ಒಂದು ತುಂಡು ಬಾಯಿಗಿಟ್ಟು, ಪಕ್ಕಕ್ಕೆ ಉಗಿದು, ‘ಹದಿನೈದನೇ ತಾರೀಕು ಬೆಳಿಗ್ಗೆ ಮತ್ತೆ ಬರ್ತೀನಿ, ಆವಾಗ್ಲೂ ಹಿಂಗೇ ಇದ್ರೆ ಮಡಕಶಿರೆಯಿಂದ ಅಡುಗೆಯೋರನ್ನ ಕರೆಸ್ತೀನಿ’ ಅಂದ್ರು. ಬೈಯಲಿಲ್ಲ. ಬೈದಿದ್ರೇ ವಾಸಿಯಿತ್ತು.

ನೀವು ದನಕ್ಕೆ ಹೇಳೋ ಮದ್ದು ನನಗೆ ಹೇಳ್ತಾ ಇದ್ದೀರಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದಂಗಾಯ್ತು. ಇಲ್ಲಾ ಸರಿಯಾದ ದಾರಿ ತೋರ್ಸಿ, ಇಲ್ಲಾ ಒಲೆ ವಾಪಸ್ ತಗೊಂಡು ಕುರಿ ಕಳಿಸಿ.

ನಾಗರತ್ನ


ಹಿಂದೂಪುರ
30-4-2004

ನಾಗರತ್ನಮ್ಮನಿಗೆ,

ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ. ನಲವತ್ತು ವರ್ಷದಾಗೆ ನನ್ನ ಮಾಲನ್ನ ಯಾರೂ ವಾಪಸ್ ತಗೋ ಅಂದಿಲ್ಲ. ಸಂತೇಲಿ ಒಂದು ಸಲ ಕೈ ಬಿಟ್ಟ ದನ ಮತ್ತೆ ನಮ್ಮ ಗೂಟಕ್ಕೆ ಬರಲ್ಲ. ಇದೇ ಪೀಪಾಯಿನಾಗೆ ಸುಟ್ಟ ತೊಡೆ ನನ್ನ ಮನೇಲಿ ಕೂತು ನೀನೇ ಎರಡು ಸಲ ಹಾಕಿಸ್ಕೊಂಡು ತಿಂದೆ. ಆವಾಗ ಚೆನ್ನಾಗಿತ್ತು, ಈಗ ಕೆಟ್ಟೋಯ್ತಾ?

ನಾನು ಕಳಿಸಿದ್ದು ಅದೇ ಪೀಪಾಯಿ. ಚಕ್ರ, ಕೊಳವೆ, ಒಳಗಿನ ಜಾಲರಿ, ಒಂದೂ ಬಿಟ್ಟಿಲ್ಲ. ಕಣ್ಣಿ ಒಂದು ಬಿಚ್ಚಿಕೊಂಡೆ. ಅದು ಎಲ್ಲರೂ ಮಾಡೋದೇ. ದನ ಮಾರಿದ್ರೆ ದನ ಮಾತ್ರ ಹೋಗಬೇಕು, ಕಟ್ಟಿದ ಹಗ್ಗ ಮಾರಿದೋನ ಮನೇಲೇ ಇರಬೇಕು. ಹಗ್ಗ ಹೋದ್ರೆ ಅದರ ಹಿಂದೆ ಮನೆ ಲಕ್ಷ್ಮಿ ಹೋಯ್ತಾಳೆ. ನಾನು ಮಾರಿದ ಅಷ್ಟೂ ದನದ ಹಗ್ಗ ನಮ್ಮ ಅಟ್ಟದಾಗವೆ. ಪೀಪಾಯಿಗೆ ಹಗ್ಗ ಎಲ್ಲಿ ಬರಬೇಕು? ಮರಿ ಪೀಪಾಯಿ ಮುಂದ್ಗಡೆ ಒಂದು ಸರಪಳಿ ನೇತಾಡ್ತಿತ್ತು. ಅದನ್ನೇ ಕಣ್ಣಿ ಅಂತ ಬಿಚ್ಚಿ ಇಟ್ಟುಕೊಂಡೀನಿ. ಅದಕ್ಕೂ ನಿನ್ನ ಬೆಂಕಿಗೂ ಏನು ಸಂಬಂಧ?

ಸುಬ್ಬರಾಯಪ್ಪ


ಕಲ್ಯಾಣದುರ್ಗ
4-5-2004

ಸುಬ್ಬರಾಯಪ್ಪನವರೇ,

ಆ ಸರಪಳಿ ತುದೀಲಿ ಅಂಗೈ ಅಗಲದ ದಪ್ಪ ಕಬ್ಬಿಣದ ತಗಡು ಇತ್ತಾ? ಇದ್ರೆ ನನ್ನ ಬೆಂಕಿಗೆ ಬೇರೆ ಸಂಬಂಧವೇ ಬೇಕಿಲ್ಲ.

ನಿಮ್ಮ ಕಾಗದ ಓದಿ, ಮರಿ ಪೀಪಾಯಿ ಮುಂದೆ ಕುಕ್ಕರಗಾಲಲ್ಲಿ ಕೂತು ಅವತ್ತಿಂದು ಒಂದೊಂದೇ ನೆನೆಸ್ಕೊಂಡೆ. ಗಾಳಿ ಹೋಗೋ ತೂತಿನ ಮೇಲೆ ಲಕ್ಷ್ಮಕ್ಕ ಏನನ್ನೋ ಸರಿಸಿ ಸರಿಸಿ ಮುಚ್ತಿದ್ರು. ಅದು ಒಲೆ ಬಾಗಿಲು ಕಣ್ರೀ. ಅದು ಮುಚ್ಚಿದ್ರೆ ಬೆಂಕಿ ಅಡಗ್ತದೆ, ಹೊಗೆ ಏಳ್ತದೆ. ನೀವು ಕಣ್ಣಿ ಅಂತ ಬಾಗಿಲನ್ನೇ ಕಿತ್ಕೊಂಡು ಅಟ್ಟಕ್ಕೆ ನೇತಾಕಿದ್ದೀರಿ. ಇಲ್ಲಿ ವೆಲ್ಡಿಂಗ್ ಅಂಗಡಿಯೋರು ಒಂದು ತಗಡು ಕತ್ತರಿಸಿ ಕೊಟ್ರು, ಕಾವಿಗೆ ಹಪ್ಪಳದಂಗೆ ಮುರುಟಿಕೊಂಡ್ತು. ದಪ್ಪದ್ದು ಅನಂತಪುರದಿಂದ ತರಿಸಬೇಕು, ಇಪ್ಪತ್ತು ದಿನ ಆಗ್ತದೆ ಅಂತಾರೆ. ನನಗಿರೋದು ಹನ್ನೊಂದು ದಿನ.

ದಯವಿಟ್ಟು ಕಳಿಸಿ. ನಿಮ್ಮ ಶಾಸ್ತ್ರಕ್ಕೆ ನಾನು ನಗಲ್ಲ. ಹಗ್ಗ ಇಟ್ಕೊಳ್ಳೋ ಪದ್ಧತಿ ನನಗೂ ಗೊತ್ತು, ನಾನೂ ಕುರಿಯೋರ ಮಗಳೇ. ಆ ಉಣ್ಣೆ ಹಗ್ಗ ಹೊಸೆದೋರು ಯಾರು ಅಂತ ಎರಡು ಸಲ ಕೇಳಿದ್ರಿ. ನಮ್ಮಪ್ಪ ಹೊಸೆದಿದ್ದು. ಅವರು ಹೋಗಿ ಹನ್ನೆರಡು ವರ್ಷ ಆಯ್ತು. ಅವರ ಮಂದೇಲಿ ನನಗೆ ಅಂತ ಉಳಿದಿದ್ದ ತಳಿ ಅದು, ಕುಂದುರ್ಪಿ ಚಿಕ್ಕಮ್ಮನ ಮನೇಲಿತ್ತು. ಹಗ್ಗ ಬಿಚ್ಕೊಂಡು ಬಾ ಅಂತ ಬೈರಣ್ಣನಿಗೆ ಹೇಳಿ ಕಳಿಸಿದ್ದೆ, ಅವನು ಮರೆತ. ಆಮೇಲೆ ನಿಮ್ಮ ಹತ್ರ ಕೇಳೋಕೆ ಬಾಯಿ ಬರಲಿಲ್ಲ. ಹೇಳಿದ್ರೆ ಅಳು ಬರ್ತಿತ್ತು, ಅದಕ್ಕೇ ಬರೀಲಿಲ್ಲ.

ಈಗ ನನ್ನ ತವರು ಅಂತ ಇರೋದು ನಿಮ್ಮ ಕೊಟ್ಟಿಗೇಲಿರೋ ಆ ಹಗ್ಗವೇ.

ನಾಗರತ್ನ


ಹಿಂದೂಪುರ
11-5-2004

ಮಗಳು ನಾಗರತ್ನಳಿಗೆ,

ನಿನ್ನ ಕಾಗದ ಬಂದು ನಾಕು ದಿನ ಆಯ್ತು. ಕ್ಯಾಲೆಂಡರ್ ಹಿಂದೆ ಸಿಕ್ಕಿಸಿ ಸುಮ್ನೆ ಕೂತಿದ್ದೆ. ಒಂದೇ ಒಂದು ಸಲ, ಸಾವಿರದ ಒಂಬೈನೂರ ಎಂಬತ್ತಾರರಾಗೆ, ಗಿರಾಕಿ ಬೇಡಿಕೊಂಡ ಅಂತ ಹಗ್ಗ ಸಮೇತ ಹಸು ಕೊಟ್ಟೆ. ಆರು ತಿಂಗಳಿಗೆ ಕೊಟ್ಟಿಗೆ ಬರಿದಾಯ್ತು. ಅದಕ್ಕೇ ನನಗೆ ಭಯ. ನೀನು ನಗಲ್ಲ ಅಂದೆ, ಅದಕ್ಕೆ ಹೇಳ್ತಾ ಇವ್ನಿ.

ನಿನ್ನೆ ಲಕ್ಷ್ಮಕ್ಕ ಬಂದ್ಬುಟ್ಲು. ಕಾಲು ತೊಳೆಯೋಕೆ ಮುಂಚೆ ಅಟ್ಟ ನೋಡಿದ್ಲು. ‘ಒಲೆ ಮುಚ್ಚಳ ಇಲ್ಯಾಕೈತೆ?’ ಅಂದ್ಲು. ಕಣ್ಣಿ ಅಂದೆ. ಕ್ಯಾಲೆಂಡರ್ ಹಿಂದಿನ ಕಾಗದ ಎಲ್ಲ ತೆಗೆದು ನನ್ನ ಕೈಲೇ ಓದಿಸಿದ್ಲು. ನಾನು ನಿನಗೆ ಹೇಳದೆ ಮುಚ್ಚಿಟ್ಟಿದ್ದನ್ನೂ ಅವಳು ಕೊಟ್ಟಿಗೇಲಿ ಕಂಡ್ಲು. ನಿನ್ನ ದೊಡ್ಡ ಕುರಿ ಯುಗಾದಿ ಆದ ಮೂರನೇ ವಾರಕ್ಕೆ ಅವಳಿ ಮರಿ ಹಾಕೈತೆ, ಎರಡೂ ಹೆಣ್ಣು. ಹಗ್ಗದ ಜತೆ ನಿನ್ನ ಅದೃಷ್ಟ ನನ್ನ ಮನೆಗೆ ಬಂತು ಅಂತ ನಾನು ಒಳಗೊಳಗೇ ಹಿಗ್ಗಿ ತೆಪ್ಪಗಿದ್ದೆ. ‘ಅವಳ ಹಗ್ಗಾನೂ ನಿನ್ನತ್ರ, ನಿನ್ನ ಹಗ್ಗಾನೂ ನಿನ್ನತ್ರ. ಇದ್ಯಾವ ಸಂತೆ ನ್ಯಾಯ?’ ಅಂದ್ಲು.

ಕಣ್ಣಿ ಮಾರೋಂಗಿಲ್ಲ, ಅದು ಖರೆ. ಆದ್ರೆ ಮಾರದೆ ಕೊಡೋ ದಾರಿ ಒಂದೈತೆ, ಅದನ್ನ ಲಕ್ಷ್ಮಕ್ಕನೇ ನೆನಪು ಮಾಡಿದ್ಲು. ಹೆಣ್ಣುಮಗಳಿಗೆ ಬಳುವಳಿ ಅಂತ ದನ ಕೊಟ್ಟರೆ ಕಣ್ಣಿ ಬಿಚ್ಚಲ್ಲ. ಮಗಳ ಮನೆಗೆ ಹೋದ ಲಕ್ಷ್ಮಿ ಹೊರಗೆ ಹೋದಂಗಲ್ಲ. ನಮಗಿರೋದು ಇಬ್ಬರು ಗಂಡುಮಕ್ಕಳು. ಕಣ್ಣಿ ಸಮೇತ ದನ ಹೊಡ್ಕೊಂಡು ಹೋಗೋಕೆ ಒಂದು ಹೆಣ್ಣಿಲ್ಲವಲ್ಲ ಅಂತ ಅವಳಿಗೆ ಮೊದ್ಲಿಂದ ಕೊರಗು.

ಇವತ್ತು ಬೈರಣ್ಣನ ಕೈಲಿ ಸರಪಳಿ, ತಗಡು ಕಳಿಸೀನಿ. ಜತೆಗೆ ಕುಪ್ಪಸದ ಕಣ, ಅರಿಶಿಣ ಕುಂಕುಮ, ಮಡಿಲಕ್ಕಿ, ತೆಂಗಿನಕಾಯಿ. ಇದು ವ್ಯಾಪಾರ ಅಲ್ಲ, ಬಳುವಳಿ. ತವರಿನ ಮಡಿಲು ಅಂತ ಸೆರಗೊಡ್ಡಿ ಇಸ್ಕೋ. ಮಗಳಿಂದ ಕುರಿ ಈಸ್ಕೊಂಡ ಅಪ್ಪ ಅನ್ನಿಸ್ಕೊಳ್ಳಬೇಡ ಅಂತ ಲಕ್ಷ್ಮಕ್ಕ ಎರಡೂ ಕುರೀನ ಟೆಂಪೋಗೆ ಹತ್ತಿಸೋಕೆ ಹೊರಟಿದ್ಲು. ನಾನು ಕೈಕಾಲು ಹಿಡಿದು ಅವೆರಡನ್ನೂ ಉಳಿಸ್ಕೊಂಡೀನಿ. ಅವಳಿಯಾಗೆ ಒಂದು ಮರಿ ನಿನಗೆ. ಅದರ ಕೊರಳಿಗೆ ನಿಮ್ಮಪ್ಪನ ಹಗ್ಗ ಕಟ್ಟೀನಿ. ಬಿಚ್ಚಬೇಡ. ಆ ಮರೀನ ಬೀಗರೂಟಕ್ಕೂ ಹಾಕ್ಬೇಡ.

ಲಕ್ಷ್ಮಕ್ಕ ಹೇಳ್ತಾಳೆ: ಸೌದೆ ಹತ್ತಿದ ಮೇಲೆ ತಗಡು ಸರಿಸಿ ಒಂದು ಬೆರಳಷ್ಟೇ ಸಂದು ಬಿಡು. ಹೊಗೆ ಬೆಳ್ಳಗಿದ್ರೆ ಇನ್ನೂ ಕಾಯಿ, ತೆಳ್ಳಗೆ ನೀಲಿ ತಿರುಗಿದ ಮೇಲೆ ಬಾಡು ಇಡು. ಮುಚ್ಚಳ ತೆಗೆತೆಗೆದು ನೋಡ್ಬೇಡ. ಉಸಾರು.

ಸುಬ್ಬರಾಯಪ್ಪ


ಕಲ್ಯಾಣದುರ್ಗ
18-5-2004

ಅಪ್ಪಯ್ಯನಿಗೆ ಮತ್ತೆ ಅಮ್ಮನಿಗೆ,

ಹಂಗೆ ಕರೀಬಹುದಾ ಅಂತ ಕೇಳಲ್ಲ. ಮಡಿಲು ತುಂಬಿದ ಮೇಲೆ ಕೇಳೋದೇನು?

ಬೈರಣ್ಣ ಬಂದಾಗ ನಾನು ಈರುಳ್ಳಿ ಹೆಚ್ತಿದ್ದೆ, ಅದು ಒಳ್ಳೇದೇ ಆಯ್ತು. ಕಣ್ಣೀರು ಯಾವುದರದ್ದು ಅಂತ ಯಾರಿಗೂ ಗೊತ್ತಾಗಲಿಲ್ಲ. ಬಸ್‌ಸ್ಟ್ಯಾಂಡ್ ಜನ ಎಲ್ಲ ನೋಡ್ತಿರಬೇಕಾದ್ರೆ ಸೆರಗೊಡ್ಡಿ ಅಕ್ಕಿ, ಕಾಯಿ, ಸರಪಳಿ ಇಸ್ಕೊಂಡೆ. ಕಬ್ಬಿಣದ ಮಡಿಲು ತುಂಬಿಸ್ಕೊಂಡೋಳು ಈ ಸೀಮೇಲಿ ನಾನೊಬ್ಳೇ ಇರಬೇಕು.

ಹದಿನೈದಕ್ಕೆ ಕರಿಬಸಮ್ಮ ಬಂದ್ರು. ಒಂದು ತುಂಡು ಬಾಯಿಗಿಟ್ಟು ಅಗಿದ್ರು, ಉಗಿಯಲಿಲ್ಲ. ಇನ್ನೊಂದು ತಗೊಂಡ್ರು. ಆಮೇಲೆ ತಾವೇ ಎಲೆ ಕೇಳಿ ಕೂತ್ರು. ಹದಿನಾರಕ್ಕೆ ಇನ್ನೂರ ಐವತ್ತು ಜನ. ಕೋಳಿ ಕೂಗೋ ಹೊತ್ತಿಗೆ ಒಲೆ ಹಚ್ಚಿ, ಒಂದು ಬೆರಳು ಸಂದು ಬಿಟ್ಟು, ಹೊಗೆ ನೀಲಿಯಾಗೋವರೆಗೂ ಕಾದೆ. ಮುಚ್ಚಳ ತೆಗೆಯೋಕೆ ಕೈ ತುರಿಸ್ತಿತ್ತು, ನಮ್ಮ ಯಜಮಾನ್ರು ಮಣೆ ಹಾಕ್ಕೊಂಡು ಕಾವಲು ಕೂತ್ರು. ಗಂಡಿನ ಕಡೆಯೋರಲ್ಲಿ ಒಬ್ಬರು, ಬೀಗರೂಟದಲ್ಲಿ ತಪ್ಪು ಹುಡುಕೋಕೇ ಬಂದಿದ್ದಂಥ ಹಿರಿಯರು, ಎಲುಬು ಕೈಲಿ ಹಿಡಿದು ‘ಇದ್ಯಾರಮ್ಮ ಮಾಡಿದ್ದು?’ ಅಂತ ಗಟ್ಟಿಯಾಗಿ ಕೇಳಿದ್ರು. ನಾನು ಸೌಟು ಹಿಡ್ಕೊಂಡೇ ಮುಂದೆ ಹೋದೆ. ‘ಇನ್ನೆರಡು ತುಂಡು ಹಾಕು’ ಅಂದ್ರು.

ಮಂಟಪದ ಅಡುಗೆಮನೆ ಬೀಗದ ಕೈ ಈಗ ನನ್ನ ಸೊಂಟದಲ್ಲಿದೆ.

ಮರಿ ಮಂಟಪದ ಹಿತ್ತಲಲ್ಲಿದೆ. ಕೊತ್ತಂಬರಿ ಕಟ್ಟು ಎಲ್ಲಿಟ್ಟರೂ ಹುಡುಕಿ ತಿನ್ನುತ್ತೆ. ಅಪ್ಪನ ಹಗ್ಗ ಬಿಚ್ಚಿಲ್ಲ. ಸಂಜೆ ಹೊತ್ತು ಅದನ್ನ ಹಿಡ್ಕೊಂಡು ಮರಿ ಜೊತೆ ಓಡಾಡ್ತೀನಿ. ನನಗೆ ಬಾಳ ಸಂತೋಷ ಆಗಿದೆ, ಅಪ್ಪಯ್ಯ.

ನಿಮ್ಮ ಮಗಳು
ನಾಗರತ್ನ


ಹಿಂದೂಪುರ
9-2-2005

ಚಿ. ನಾಗರತ್ನಳಿಗೆ,

ಎಂಟು ತಿಂಗಳಿಂದ ಕಾಗದ ಇಲ್ಲ, ಬೈರಣ್ಣನ ಬಾಯಲ್ಲೇ ಸುದ್ದಿ. ವಾರಕ್ಕೆ ಎರಡು ಊಟ ಒಪ್ಪಿಕೊಳ್ತೀಯಂತೆ. ದಪ್ಪ ಆಗಿದೀಯ ಅಂತಾನೂ ಅಂದ. ಸಂತೋಷ.

ಒಂದು ವ್ಯಾಪಾರದ ಮಾತು. ಗೋರಂಟ್ಲದಿಂದ ಒಬ್ಬ ಬಂದಿದ್ದ. ಹೈವೇ ಪಕ್ಕ ಡಾಬಾ ಹಾಕ್ತಾನಂತೆ. ನಿನ್ನ ಕೈ ಊಟ ಉಂಡವ್ನೆ, ಪೀಪಾಯಿ ಬೇಕಂತೆ. ಟವೆಲ್ ಹಾಕ್ದೆ. ಅಮ್ಮಾಯಿ, ಐದು ಬೆರಳೂ ಹಿಡಿದ. ಐದು ಕುರಿ, ಅದೂ ಎರಡನೇ ಸೂಲಿನವು. ನನ್ನ ಜನ್ಮದಾಗೆ ಹಳೇ ಮಾಲಿಗೆ ಯಾರೂ ಐದು ಬೆರಳು ಹಿಡಿದಿಲ್ಲ.

ದಲ್ಲಾಳಿ ಆದ್ಮೇಲೆ ಬಂದ ಗಿರಾಕಿ ಹೇಳೋದು ನನ್ನ ಧರ್ಮ, ಹೇಳಿದೀನಿ. ಮಾರು ಅಂತಾನೂ ಅನ್ನಲ್ಲ, ಬೇಡ ಅಂತಾನೂ ಅನ್ನಲ್ಲ. ಈಗ ನಿನಗೆ ದೊಡ್ಡ ಒಲೆ ಬೇಕಾಗಿರಬೌದು. ಲಕ್ಷ್ಮಕ್ಕ ಎರಡು ದಿನದಿಂದ ನನ್ನತ್ರ ಮಾತಾಡ್ತಿಲ್ಲ, ಮುದ್ದೆ ಮಾತ್ರ ಇಕ್ತಾಳೆ. ಬೇಗ ಬರಿ.

ಸುಬ್ಬರಾಯಪ್ಪ


ಕಲ್ಯಾಣದುರ್ಗ
14-2-2005

ಅಪ್ಪಯ್ಯನಿಗೆ,

ಎಂಟು ತಿಂಗಳು ಬರೆಯಲಿಲ್ಲ, ತಪ್ಪಾಯ್ತು. ಕೈ ತುಂಬ ಕೆಲಸ ಅಂತ ನೆವ ಹೇಳಲ್ಲ. ತವರಿದ್ದೋರು ದಿನಾ ಕಾಗದ ಬರೆಯಲ್ಲ, ಇದ್ದೇ ಇರ್ತಾರೆ ಅಂತ ಧೈರ್ಯ. ಆ ಧೈರ್ಯ ನನಗೆ ಹೊಸದು, ಒಂದಿಷ್ಟು ದಿನ ಸವಿದೆ ಅಂದ್ಕೊಳ್ಳಿ.

ವೆಲ್ಡಿಂಗ್ ಅಂಗಡಿಯೋರ ಕೈಲಿ ಎರಡು ದೊಡ್ಡ ಪೀಪಾಯಿ ಮಾಡಿಸಿದ್ದೀನಿ, ದಪ್ಪ ತಗಡಿನ ಬಾಗಿಲು ಇಡಿಸಿ. ಗೋರಂಟ್ಲದೋರಿಗೂ ಅಂಥದ್ದೇ ಮಾಡಿಸ್ಕೊಳ್ಳೋಕೆ ಹೇಳಿ, ನಾನೇ ಮುಂದೆ ನಿಂತು ಅಳತೆ ಕೊಡಿಸ್ತೀನಿ. ಹಳೇದನ್ನ ಕೊಡಲ್ಲ. ಐದು ಬೆರಳಲ್ಲ, ಎರಡೂ ಕೈ ಸೇರಿಸಿ ಹತ್ತು ಹಿಡಿದ್ರೂ ಕೊಡಲ್ಲ. ಬಳುವಳಿ ಅಂತ ಕಣ್ಣಿ ಸಮೇತ ಬಂದಿದ್ದನ್ನ ಮಾರಿದ ಹೆಣ್ಣನ್ನ ನೀವು ಯಾವ ಸಂತೇಲಾದ್ರೂ ನೋಡಿದ್ದೀರಾ? ನೋಡಿದ್ದೀನಿ ಅಂದ್ರೆ ಅಮ್ಮ ಇನ್ನೂ ಎರಡು ದಿನ ಮಾತಾಡದೇ ಇರಲಿ.

ಮರಿ ಈಗ ಗಬ್ಬ. ಬೇಸಿಗೆ ಕೊನೆಗೆ ಹಾಕ್ತದೆ. ಆವಾಗ ನೀವೇ ಬಂದು ಹೆಸರಿಡಬೇಕು. ಅದಕ್ಕೂ ಮುಂಚೆ, ಮುಂದಿನ ಭಾನುವಾರ ಅಮ್ಮನ್ನ ಕರ್ಕೊಂಡು ಬೆಳಗಿನ ಬಸ್ಸಿಗೆ ಬನ್ನಿ. ಹಳೇ ಪೀಪಾಯೀಲೇ ಒಂದು ತೊಡೆ ಇಟ್ಟಿರ್ತೀನಿ, ಬಾಗಿಲು ಒಂದು ಬೆರಳು ಸಂದು ಬಿಟ್ಟು.

ಬರೋವಾಗ ಟವೆಲ್ ಮನೇಲೇ ಬಿಟ್ಟು ಬನ್ನಿ, ಅಪ್ಪಯ್ಯ. ಕೈ ಒರೆಸ್ಕೊಳ್ಳೋಕೆ ಮಗಳ ಮನೇಲಿ ಇದೆ.

ನಾಗರತ್ನ